ಹುಟ್ಟು ಹಾಕುವವಳ ಮೋಟಾರು

ನನ್ನ ಸಹಿಗೆಂದು ಮೇಜಿನ ಮೇಲೆ ಸರಿಸಿದ ಕಾಗದದಲ್ಲಿ ಮೋಟಾರಿನ ಮಾದರಿ ಆಗಲೇ ಟೈಪಾಗಿ ಕೂತಿತ್ತು. ಹತ್ತು ಹೆಚ್‌ಪಿ, ಫೋರ್ ಸ್ಟ್ರೋಕ್, ದೋಣಿಯ ಹಿಂದಿನ ಹಲಗೆಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರು. ಅದರ ಕೆಳಗೆ ‘ಪರೀಕ್ಷಿಸಿ ಶಿಫಾರಸು ಮಾಡಲಾಗಿದೆ’ ಎಂಬ ಸಾಲು, ಆ ಸಾಲಿನ ಕೆಳಗೆ ನನ್ನ ಹೆಸರು. ಪರೀಕ್ಷೆ ಮಾಡಬೇಕಾದವಳು ನಾನು. ಆ ಮೋಟಾರು ಓಡಬೇಕಾದ ಜಲಾಶಯವನ್ನೇ ನಾನು ಇನ್ನೂ ಕಂಡಿರಲಿಲ್ಲ.

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕಚೇರಿ ಇದ್ದ ಒಂದು ಸಂಸ್ಥೆಗೆ ನಾನು ಆಗ ಗುತ್ತಿಗೆಯ ಮೇಲೆ ತಾಂತ್ರಿಕ ಸಲಹೆಗಾರ್ತಿ. ನಗರದಿಂದ ಎರಡು ಗಂಟೆ ದಾರಿಯ ಜಲಾಶಯವೊಂದರ ಮೀನುಗಾರರ ಸಂಘಕ್ಕೆ ಸಂಸ್ಥೆಯವರು ಹರಿಗೋಲುಗಳ ಬದಲಿಗೆ ಹದಿನಾಲ್ಕು ಅಡಿಯ ಫೈಬರ್ ದೋಣಿಗಳನ್ನು ಕೊಟ್ಟಿದ್ದರು. ಅವಕ್ಕೆ ಮೋಟಾರು ಆರಿಸುವುದು ನನ್ನ ಕೆಲಸ. ಸಂಸ್ಥೆಯ ಖರೀದಿ ಸಮಿತಿಯ ಮುಖ್ಯಸ್ಥರು ನಮ್ಮ ಕಡೆಯವರೇ, ಕಲಬುರಗಿಯಿಂದ ಬಂದು ಮೂರು ತಲೆಮಾರು ಹೈದರಾಬಾದಿನಲ್ಲಿ ನೌಕರಿ ಮಾಡಿದ ಮನೆತನ. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

“ಒಂದು ಸಹಿ ಅಷ್ಟ ಬಾಯಾರ. ಸಂಘದವರಿಗೂ ದೊಡ್ಡದ ಬೇಕಾಗೇದ,” ಎಂದರು.

“ನೀರಿಗಿ ಇಳಿಸಿ ನೋಡದ ಸಹಿ ಮಾಡೂದಿಲ್ರಿ ಸಾಹೇಬ್ರ,” ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿಟ್ಟರು. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಇದನ್ನು ರೋಗ ಎನ್ನುತ್ತಾರೆ. ಕೆಲಸದ ಜಾಗದಲ್ಲಿ ಮಾತ್ರ ಅದು ನನ್ನನ್ನು ಎಷ್ಟೋ ಸಲ ಸುಳ್ಳು ಕಾಗದಗಳಿಂದ ಕಾಪಾಡಿದೆ.

ಎರಡು ದಿನ ಬಿಟ್ಟು ಜಲಾಶಯಕ್ಕೆ ಹೋದೆ. ಜೊತೆಗೆ ನಗರದ ಕೋಠಿ ಬಡಾವಣೆಯ ಓಣಿಯೊಂದರಲ್ಲಿ ಜನರೇಟರು, ಪಂಪ್‌ಸೆಟ್ಟು ರಿಪೇರಿ ಮಾಡುವ ಮೇಸ್ತ್ರಿಯನ್ನು ಕರೆದುಕೊಂಡಿದ್ದೆ. ಯಾದಗಿರಿ ಕಡೆಯ ಮನುಷ್ಯ, ಮಾತು ಕಡಿಮೆ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆ. ಮಾರಾಟಗಾರರು ಕೊಟ್ಟ ಎರಡು ಮಾದರಿಗಳು ಗಾಡಿಯಲ್ಲಿದ್ದವು. ಒಂದು ಕಾಗದದಲ್ಲಿದ್ದ ಹತ್ತು ಹೆಚ್‌ಪಿ, ಇನ್ನೊಂದು ನಾನು ಹಟ ಮಾಡಿ ಕೇಳಿ ಪಡೆದ ಎರಡೂವರೆ ಹೆಚ್‌ಪಿ. ಹದಿನಾಲ್ಕು ಅಡಿಯ ದೋಣಿಗೆ ಇಬ್ಬರು, ಬಲೆ, ಮೀನಿನ ಬುಟ್ಟಿಗಳು ಎಂದರೆ ನನ್ನ ಲೆಕ್ಕಕ್ಕೆ ಸಣ್ಣದೇ ಸಾಕೆನಿಸಿತ್ತು.

ದಡದಲ್ಲಿ ಒಬ್ಬ ಹೆಂಗಸು ಬೋರಲು ಹಾಕಿದ ಹರಿಗೋಲಿನ ತಳಕ್ಕೆ ಟಾರು ಬಳಿಯುತ್ತಿದ್ದಳು. ನಾನೂ ಮೇಸ್ತ್ರಿಯೂ ಮಾತಾಡುವುದನ್ನು ಕೇಳಿ ತಲೆ ಎತ್ತಿದಳು.

“ಕನ್ನಡದವ್ರೇನ್ರಿ ಅಕ್ಕಾರ?”

ಅವಳ ತವರು ರಾಯಚೂರು ಕಡೆ, ಕೃಷ್ಣೆಯ ದಂಡೆ. ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ತಂದೆತಾಯಿಯ ಜೊತೆ ಬಂದು, ಇಲ್ಲಿಯ ಮೀನುಗಾರನನ್ನು ಮದುವೆಯಾಗಿದ್ದಳು. ಗಂಡನೊಡನೆ ಮಾತೆಲ್ಲ ತೆಲುಗಿನಲ್ಲಿ. ಕನ್ನಡ ಸಿಕ್ಕಿದ್ದಕ್ಕೆ ಖುಷಿಪಟ್ಟಳು. ಆದರೆ ಗಾಡಿಯಲ್ಲಿದ್ದ ದೊಡ್ಡ ಮೋಟಾರು ಕಂಡಿದ್ದೇ ಮುಖ ಗಂಟಿಕ್ಕಿದಳು.

“ಅದನ್ನ ತರಬ್ಯಾಡ್ರಿ ಅಕ್ಕಾರ.”

“ಯಾಕ ತಂಗಿ? ಹುಟ್ಟು ಹಾಕಿ ನಿಮ್ಮವರ ರಟ್ಟಿ ಬೀಳೂದು ತಪ್ಪತೈತಲ್ಲ?”

“ರಟ್ಟಿ ಬಿದ್ರ ಬೀಳ್ಲಿ. ಈಗ ನಾ ಹುಟ್ಟು ಹಾಕ್ತೀನಿ, ನನ್ನ ಗಂಡ ಬಲಿ ಬಿಡ್ತಾನ. ನೀರಿಗಿ ಇಳದವರಿಗಿ ಸಂಘದಾಗ ಪಾಲೈತಿ, ನನಗೂ ಐತಿ. ಆ ಮಿಷನ್ ಬಂದ್ರ ಅದರ ಹಗ್ಗ ಜಗ್ಗಾಕ ಗಂಡಾಳ ಬೇಕಂತಾರ. ನನ್ನ ಜಾಗಾದಾಗ ಬ್ಯಾರೆಯವನ್ನ ಕುಂದ್ರಸ್ತಾರ. ನಾ ದಂಡ್ಯಾಗ ಕುಂತು ಅವರು ತಂದ ಮೀನ ಆರಿಸಿ ಕೂಲಿ ತಗೋಬೇಕು.”

“ನೀ ಒಬ್ಬಾಕಿನೇ ಏನು?”

“ಇಲ್ಲಿ ಒಂದೊಂದು ಹರಗೋಲಿಗೂ ಒಬ್ಬಾಕಿ ಇದ್ದಾಳ್ರಿ.”

ಕಚೇರಿಯ ಫೈಲಿನಲ್ಲಿ ದೋಣಿಯ ಉದ್ದ, ಅಗಲ, ತೂಕ ಎಲ್ಲ ಇತ್ತು. ಅದರಲ್ಲಿ ಹುಟ್ಟು ಹಾಕುವವರು ಹೆಂಗಸರು ಎಂಬ ಒಂದು ಮಾತು ಇರಲಿಲ್ಲ. ನಾನೂ ಕೇಳಿರಲಿಲ್ಲ. ಮೋಟಾರು ಎಂದರೆ ಗಂಡಸರದು ಎಂದು, ಹದಿನೆಂಟನೇ ವಯಸ್ಸಿನಿಂದ ಗ್ರೀಸು ಮೆತ್ತಿಕೊಂಡು ಕೆಲಸ ಮಾಡಿದ ನಾನೇ ಅಂದುಕೊಂಡುಬಿಟ್ಟಿದ್ದೆ. ಆ ನಾಚಿಕೆಯನ್ನು ಇವತ್ತಿಗೂ ಮರೆತಿಲ್ಲ.

ಸಂಘದ ಅಧ್ಯಕ್ಷರು ಬಂದರು. ಮೃದು ಮಾತಿನ ತೆಲುಗರು, ಕೆಟ್ಟವರೇನಲ್ಲ. ಹೆಂಗಸರು ಪಾಪ ಬಿಸಿಲಿನಲ್ಲಿ ಎಷ್ಟು ಕಷ್ಟಪಡುತ್ತಾರೆ, ಇನ್ನು ಮೇಲೆ ಆರಾಮಾಗಿ ದಡದಲ್ಲಿರಲಿ ಎಂದರು. ದಯೆಯಿಂದಲೇ ಹೇಳಿದರು. ಅನ್ನ ಕಸಿಯುವ ಕೆಲಸವನ್ನು ಇಷ್ಟು ದಯೆಯಿಂದ ಮಾಡುವವರ ಜೊತೆ ಜಗಳ ಆಡುವುದು ಬಲು ಕಷ್ಟ.

ಮೊದಲು ದೊಡ್ಡ ಮೋಟಾರು. ನಲವತ್ತು ಕಿಲೋ ತೂಕದ್ದು. ಇಬ್ಬರು ಗಂಡಸರು ಹೊತ್ತು ತಂದು ಹಿಂದಿನ ಹಲಗೆಗೆ ಸಿಕ್ಕಿಸಿ ತಿರುಪು ಬಿಗಿದರು. ಒಬ್ಬನೇ ಕೂತು ಓಡಿಸಿದಾಗ ದೋಣಿ ಮೂತಿ ಎತ್ತಿಕೊಂಡು ಹಾರಿತು, ದಡದವರೆಲ್ಲ ಸೀಟಿ ಹೊಡೆದರು. ನಾನು ಇಳಿಸಿ, ಇಬ್ಬರನ್ನು ಕೂರಿಸಿ, ಒದ್ದೆ ಬಲೆ ಮತ್ತು ಮೀನಿನ ತೂಕಕ್ಕೆ ಮರಳು ತುಂಬಿದ ಬುಟ್ಟಿಗಳನ್ನು ಇಡಿಸಿ ಮತ್ತೆ ಓಡಿಸಿದೆ. ಈ ಸಲ ಹಿಂಭಾಗ ಕುಸಿದು, ನೀರಿಗೂ ಹಲಗೆಯ ಅಂಚಿಗೂ ನಾಲ್ಕು ಬೆರಳು ಉಳಿಯಿತು. ರಿವರ್ಸ್ ಹಾಕಿದಾಗ ನೀರು ಹಲಗೆ ಹತ್ತಿ ಒಳಗೆ ಬಂತು. ಬಲೆ ಬಿಡುವ ಜಾಗ ದಡದಿಂದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಅಲ್ಲಿಗೆ ತಲುಪಲು ದೊಡ್ಡ ಮೋಟಾರಿಗೆ ಏಳೆಂಟು ನಿಮಿಷ ಬೇಕಾಯಿತು. ಸಣ್ಣದಕ್ಕೆ ನನ್ನ ಲೆಕ್ಕದ ಪ್ರಕಾರ ಹದಿನಾಲ್ಕು. ಅಂದರೆ ಇಷ್ಟೆಲ್ಲ ಭಾರದಿಂದ ಉಳಿಯುವುದು ಆರು ನಿಮಿಷ.

ಹಗ್ಗ ಎಳೆದು ಚಾಲೂ ಮಾಡಲು ಅವಳಿಗೆ ಹೇಳಿದೆ. ಮೂರು ಸಲ ಎಳೆದಳು, ಹಗ್ಗ ಅರ್ಧಕ್ಕೆ ನಿಂತಿತು. ದಡದಲ್ಲಿ ಯಾರೋ ನಕ್ಕರು. ಅವಳು ಕೈ ಒರೆಸಿಕೊಂಡು ಕೆಳಗಿಳಿದಳು.

ಆಮೇಲೆ ನನ್ನ ಸಣ್ಣ ಮೋಟಾರು. ಹದಿಮೂರು ಕಿಲೋ. ಒಂದು ತುಂಬಿದ ಕೊಡದಷ್ಟು ಭಾರ, ಅವಳೇ ಕಂಕುಳಿಗೆ ಒತ್ತಿ ತಂದು ತೂಗುಹಾಕಿದಳು. ಎರಡನೇ ಎಳೆತಕ್ಕೆ ಚಾಲೂ ಆಯಿತು. ನನಗೆ ಗೆದ್ದ ಹಾಗೆಯೇ ಅನ್ನಿಸಿತು. ಅವಳು ಹಿಂದೆ ಮೋಟಾರಿನ ಹಿಡಿಕೆ ಹಿಡಿದು ಕೂತಳು, ಬಲೆ ನೀರೊಳಗೆ ತಿರುಗುವ ಪಂಖಕ್ಕೆ ಸಿಕ್ಕಬಾರದೆಂದು ಗಂಡ ದೋಣಿಯ ಮೂತಿಗೆ ಹೋಗಿ ನಿಂತ. ಹೋಗುವಾಗ ಎಲ್ಲ ಸರಿಯಿತ್ತು. ಅವನು ಬಾಗಿ ಬಲೆ ಎಳೆಯಲು ಶುರುಮಾಡಿದ ಕೂಡಲೇ ಮೂತಿ ತಗ್ಗಿ ಹಿಂಭಾಗ ಮೇಲೆದ್ದಿತು. ಪಂಖ ನೀರು ಬಿಟ್ಟು ಗಾಳಿಯಲ್ಲಿ ಗಿರಗಿರ ತಿರುಗಿ ಎಂಜಿನ್ನು ಕಿರುಚತೊಡಗಿತು. ದೋಣಿ ಮುಂದೆ ಹೋಗದು. ಮಧ್ಯಾಹ್ನದ ಗಾಳಿ ಅದನ್ನು ಮುಳುಗಿದ ಮರದ ಬೊಡ್ಡೆಗಳ ಕಡೆ ದಬ್ಬಿತು. ಕೊನೆಗೆ ಒಂದು ಹರಿಗೋಲು ಹೋಗಿ ಹಗ್ಗ ಕಟ್ಟಿ ಎಳೆದು ತರಬೇಕಾಯಿತು.

ಮೇಡಂ ಚಟ್ನಿ ಮಿಕ್ಸಿ ತಂದಿದ್ದಾರೆ ಎಂದು ಅಧ್ಯಕ್ಷರು ತೆಲುಗಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಅವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ್ದು ಮಾತ್ರ ತಮಾಷೆಯಾಗಿರಲಿಲ್ಲ. ನಡುನೀರಿನಲ್ಲಿ ಮೋಟಾರು ಕೆಟ್ಟರೆ, ಪಂಖ ಮರಕ್ಕೆ ಬಡಿದು ಅದನ್ನು ಹಿಡಿದ ಪಿನ್ನು ಮುರಿದರೆ, ಈ ಹೆಂಗಸು ಅಳುತ್ತಾ ಕೂರಬೇಕೆ?

ಎರಡೂ ಮೋಟಾರುಗಳನ್ನು ಗಾಡಿಗೆ ಹೇರಿಸಿದೆ. ವಾಪಸು ಬರುವಾಗ ನಗರದ ಹೊರ ಅಂಚಿನಿಂದ ಕೋಠಿ ತಲುಪಲು ಟ್ರಾಫಿಕ್ಕಿನಲ್ಲಿ ಇನ್ನೂ ಒಂದೂವರೆ ಗಂಟೆ ಕಳೆಯಿತು. ಮೇಸ್ತ್ರಿ ತನ್ನ ಅಂಗಡಿಯಲ್ಲಿ ಮೋಟಾರನ್ನು ಸ್ಟ್ಯಾಂಡಿಗೆ ಹಾಕಿ, ಎರಡು ಚಹಾ ಹೇಳಿ, ಆಮೇಲೆ ಬಾಯಿ ಬಿಟ್ಟ.

“ಅಕ್ಕಾರ, ಮಿಷನ್‌ದು ತಪ್ಪಿಲ್ಲ. ಕಾಲು ಗಿಡ್ಡಾಗೈತಿ.”

ಔಟ್‌ಬೋರ್ಡ್ ಮೋಟಾರಿನಲ್ಲಿ ಎಂಜಿನ್ನಿಂದ ಪಂಖದವರೆಗಿನ ಶಾಫ್ಟಿಗೆ ಅವನು ಕಾಲು ಎನ್ನುತ್ತಾನೆ. ಗಿಡ್ಡ ಕಾಲು, ಉದ್ದ ಕಾಲು ಎಂದು ಎರಡು ಬಗೆ ಬರುತ್ತವೆ, ನಡುವೆ ಸುಮಾರು ಐದು ಇಂಚು ವ್ಯತ್ಯಾಸ. ದೋಣಿಯ ಹಿಂದಿನ ಹಲಗೆಯ ಎತ್ತರ ಅಳೆದು ಆರಿಸಬೇಕು. ಪುಸ್ತಕದಲ್ಲಿ ಹಾಗೇ ಇದೆ.

“ನಾ ಅಳದೀನಲ್ಲೋ. ಹದಿನೈದು ಇಂಚು. ಗಿಡ್ಡ ಕಾಲೇ ಬರಬೇಕು.”

“ಎಲ್ಲಿ ಅಳದ್ರಿ?”

“ದಂಡ್ಯಾಗ.”

“ಖಾಲಿ ದೋಣಿ?”

ನಾನು ಚಹಾ ಕೆಳಗಿಟ್ಟೆ. ಖಾಲಿ ದೋಣಿ, ಗಟ್ಟಿ ನೆಲ, ಯಾರೂ ಕೆಲಸ ಮಾಡುತ್ತಿಲ್ಲದ ಹೊತ್ತು. ಸಾಹೇಬರು ನೀರು ನೋಡದೆ ಟೈಪ್ ಮಾಡಿಸಿದರೆಂದು ಹಾರಾಡಿದವಳು, ನೀರಿನ ಪಕ್ಕದಲ್ಲೇ ನಿಂತು ನೆಲವನ್ನು ಅಳೆದು ಬಂದಿದ್ದೆ.

ಮೂರು ದಿನದ ಮೇಲೆ ಬೆಳಿಗ್ಗೆ ಒಬ್ಬಳೇ ಬಸ್ಸು ಹಿಡಿದು ಹೋದೆ. ಟೇಪು ಒಯ್ಯಲಿಲ್ಲ. “ನಿನ್ನ ಹರಗೋಲಿನಾಗ ನನ್ನೂ ಕುಂದ್ರಸ್ಕೋ,” ಎಂದು ಅವಳನ್ನು ಕೇಳಿದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನನ್ನನ್ನು ನಡುವೆ, ಬಲೆಯ ರಾಶಿಯ ಪಕ್ಕದಲ್ಲಿ ಕೂರಿಸಿದರು.

ಹರಿಗೋಲು ದುಂಡಗಿನದು, ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕುವವರು ಇರುವ ಕಡೆಯೇ ಅದರ ಮುಂದು. ಅವಳು ಅಂಚಿಗೆ ಮಂಡಿಯೂರಿ, ಹುಟ್ಟನ್ನು ತನ್ನ ಮುಂದೆ ನೀರಿಗೆ ಚುಚ್ಚಿ ತನ್ನತ್ತಲೇ ಎಳೆದುಕೊಳ್ಳುತ್ತಿದ್ದಳು, ಹರಿಗೋಲು ಅವಳ ಹಿಂದೆ ಬರುತ್ತಿತ್ತು. ಗಂಡ ಅವಳಿಗೆ ಬೆನ್ನು ಮಾಡಿ ಇನ್ನೊಂದು ಕೊನೆಯಲ್ಲಿ ಕೂತು ಬಲೆ ಬಿಡುತ್ತಾ ಬಂದ. ಅವರು ಒಮ್ಮೆಯೂ ಒಬ್ಬರನ್ನೊಬ್ಬರು ಕೂಗಲಿಲ್ಲ. ಬಲೆಯ ಹಗ್ಗ ಬಿಗಿಯಾದರೆ ಅವಳಿಗೆ ಮಂಡಿಯಲ್ಲೇ ಗೊತ್ತಾಗಿ ವೇಗ ತಗ್ಗಿಸುತ್ತಿದ್ದಳು.

“ನೀ ಯಾವಾಗಲೂ ಮುಂದನ ಕುಂದರ್ತಿ ಏನು?”

“ಮತ್ತ? ಮರದ ಬೊಡ್ಡಿ ಎಲ್ಲೆಲ್ಲಿ ಅದಾವು ಅಂತ ನನಗ ಗೊತ್ತೈತಿ. ಅವನಿಗಿ ಬಲಿ ಅಷ್ಟ ಗೊತ್ತು.”

ಆಗ ನನಗೆ ನಮ್ಮ ತಪ್ಪು ಪೂರ್ತಿಯಾಗಿ ಕಂಡಿತು. ಕಾಲು ಗಿಡ್ಡವಾದದ್ದು ಅರ್ಧ ಮಾತ್ರ. ದೋಣಿಯಲ್ಲಿ ಮೋಟಾರು ಹಿಂದೆ ಎಂದು ನಾವು ಅವಳನ್ನು ಹಿಂದೆ ಕೂರಿಸಿದ್ದೆವು. ದಾರಿ ಬಲ್ಲವಳು ಗಂಡನ ಬೆನ್ನು ನೋಡುತ್ತಾ ಕೂತಿದ್ದಳು, ಬಲೆ ಬಲ್ಲವನು ದಾರಿಗೆ ಅಡ್ಡ ನಿಂತಿದ್ದ.

ಇದನ್ನು ಮೇಸ್ತ್ರಿಗೆ ಹೇಳಿದೆ. ಅವನು ಒಂದು ವಾರ ಓಡಾಡಿ, ವಿಹಾರದ ದೋಣಿಗಳನ್ನು ನಡೆಸುವ ಪರಿಚಯದವರೊಬ್ಬರಿಂದ ಅದೇ ಎರಡೂವರೆ ಹೆಚ್‌ಪಿಯ ಉದ್ದ ಕಾಲಿನ ಮೋಟಾರನ್ನು ಎರಡು ದಿನಕ್ಕೆಂದು ಕೇಳಿ ತಂದ. ಒಂದು ಕಿಲೋ ಹೆಚ್ಚು ಭಾರ, ಅಷ್ಟೇ. ಜಲಾಶಯದ ದಡದಲ್ಲಿ ಅದನ್ನು ಹಲಗೆಗೆ ಹಾಕಿ ಅವಳಿಗೆ ಒಂದೊಂದೇ ಭಾಗ ತೋರಿಸಿದ. ಪಂಖವನ್ನು ಹಿಡಿದಿರುವ ಮೆತ್ತನೆಯ ಪಿನ್ನನ್ನು ಹೊರತೆಗೆದು ಅವಳ ಅಂಗೈಯಲ್ಲಿಟ್ಟ.

“ಬೊಡ್ಡಿಗಿ ಬಡದ್ರ ಇದು ಮುರಿತೈತಿ ತಂಗಿ. ಮುರೀಲಿ ಅಂತನ ಇಟ್ಟಾರ, ಇಲ್ಲಂದ್ರ ಒಳಗಿನ ಗೇರ್ ಹೋಗತೈತಿ. ಮುಚ್ಚಳದ ಕೆಳಗ ಎರಡು ಹೊಸಾವು ಇರ್ತಾವು. ಮಿಷನ್ ಬಂದ್ ಮಾಡು, ಮ್ಯಾಲ ಎತ್ತು, ಹಳೇದ ತಗಿ, ಹೊಸಾದ ತೂರಸು.”

ಅವಳು ನಾಲ್ಕು ಸಲ ತೆಗೆದು ಹಾಕಿದಳು. ಐದನೇ ಸಲ ಕಣ್ಣು ಮುಚ್ಚಿಕೊಂಡು ಮಾಡಿದಳು. ಆಮೇಲೆ ಹಿಡಿಕೆಯನ್ನು ಆಚೆ ಈಚೆ ತಿರುಗಿಸಿ ನೋಡುತ್ತಾ ಕೇಳಿದಳು.

“ಅಣ್ಣಾ, ಇದು ಎಲ್ಲಿತನಾ ತಿರುಗತೈತಿ?”

“ಪೂರಾ ಒಂದು ಸುತ್ತು. ಇದಕ್ಕ ರಿವರ್ಸ್ ಗೇರ್ ಇಲ್ಲ, ಹಿಂದ ಹೋಗಬೇಕಂದ್ರ ಮಿಷನ್ನ ತಿರುಗಸಬೇಕು.”

“ಅಂದ್ರ ನಾ ಈ ಕಡಿ ಮಾರಿ ಮಾಡಿ ಕುಂತು ತಿರುಗಸಿದ್ರ, ದೋಣಿ ಈ ಕಡಿನ ಹೋಗತೈತಿ?”

ಮೇಸ್ತ್ರಿ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಮೋಟಾರನ್ನು ಅರ್ಧ ಸುತ್ತು ತಿರುಗಿಸಿದರೆ ದೋಣಿಯ ಹಿಂದು ಮುಂದಾಗುತ್ತದೆ. ಅವಳು ಮುಂದೆ, ಗಂಡ ಇನ್ನೊಂದು ಕೊನೆಯಲ್ಲಿ, ಬಲೆ ಪಂಖದಿಂದ ಹದಿನಾಲ್ಕು ಅಡಿ ದೂರ. ಹರಿಗೋಲಿನ ಕ್ರಮವೇ ಅದು. ನನ್ನ ಡಿಪ್ಲೊಮಾ, ಮೇಸ್ತ್ರಿಯ ಕಿವಿ, ಮಾರಾಟಗಾರರ ಪುಸ್ತಕ ಮೂರಕ್ಕೂ ಹೊಳೆಯದಿದ್ದದ್ದು ಹುಟ್ಟು ಹಾಕುವವಳಿಗೆ ಹತ್ತು ನಿಮಿಷದಲ್ಲಿ ಹೊಳೆದಿತ್ತು. ನನಗೆ ಜೋರಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಮರುದಿನ ಅಧ್ಯಕ್ಷರನ್ನೂ ಸಾಹೇಬರನ್ನೂ ಕರೆಸಿದೆ. ಗಾಳಿ ಏಳುವ ಮಧ್ಯಾಹ್ನದ ಹೊತ್ತನ್ನೇ ಬೇಕೆಂದು ಆರಿಸಿದೆ. ಬಲೆ ಇರುವ ಜಾಗದವರೆಗೆ ಅವರು ಮೂತಿ ಮುಂದಾಗಿಯೇ ಹೋದರು, ಹದಿನಾಲ್ಕು ನಿಮಿಷ. ಅಲ್ಲಿ ಅವಳು ಎದ್ದು ತಿರುಗಿ ಕೂತು, ಮೋಟಾರು ತಿರುಗಿಸಿ, ನಿಧಾನಕ್ಕೆ ದೋಣಿಯನ್ನು ಹಿಂದುಮುಂದಾಗಿ ನಡೆಸಿದಳು. ಗಂಡ ಬಲೆ ಬಿಟ್ಟ, ಸ್ವಲ್ಪ ಹೊತ್ತು ಕಾದು ಎಳೆದ. ಎಳೆಯುವಾಗ ಮೂತಿ ತಗ್ಗಿತು. ಉದ್ದ ಕಾಲಿನ ಪಂಖ ನೀರಿನಲ್ಲೇ ಇತ್ತು, ಎಂಜಿನ್ನು ಕಿರುಚಲಿಲ್ಲ. ಅಲೆಗಳು ಹಿಂದಿನ ಹಲಗೆಗೆ ತಟ್ಟಿದವು, ಒಳಗೆ ಬರಲಿಲ್ಲ. ಗಾಳಿಗೆ ಎದುರಾಗಿ ವಾಪಸು ಬರಲು ಇಪ್ಪತ್ತು ನಿಮಿಷದ ಮೇಲೆ ಹಿಡಿಯಿತು. ಅದನ್ನು ನಾನು ಮುಚ್ಚಿಡಲಿಲ್ಲ, ವರದಿಯಲ್ಲೂ ಬರೆದೆ. ಅವಳು ಮೋಟಾರು ಬಿಚ್ಚಿ, ಕಂಕುಳಲ್ಲಿ ಹಿಡಿದು, ಇಳಿಜಾರು ಹತ್ತಿ ಬಂದು ನಮ್ಮೆದುರು ಇಟ್ಟಳು.

ಅಧ್ಯಕ್ಷರು ಅವಳನ್ನು ಬಿಟ್ಟು ಗಂಡನನ್ನು ಕೇಳಿದರು, ನಿನಗೆ ಯಾವುದು ಬೇಕು ಎಂದು. ಅಷ್ಟು ದಿನ ಅವನು ನನ್ನೆದುರು ಒಂದು ಮಾತೂ ಆಡಿರಲಿಲ್ಲ. ತೆಲುಗಿನಲ್ಲಿ ಹೇಳಿದ: ಇವಳು ಮುಂದೆ ಕೂತರೆ ನನ್ನ ಗಮನ ಬಲೆಯ ಮೇಲೆ ಇರುತ್ತದೆ, ಬೇರೆಯವನು ಕೂತರೆ ನನ್ನ ಗಮನವೆಲ್ಲ ಅವನ ಮೇಲೆ. ಅಧ್ಯಕ್ಷರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು.

ಸಾಹೇಬರು ಮಾತ್ರ ಕರಗಲಿಲ್ಲ. ಗಚ್ಚಿಬೌಲಿಗೆ ಬಂದ ಮೇಲೆ ಅದೇ ಹಳೆಯ ಕಾಗದ ಮತ್ತೆ ನನ್ನ ಮುಂದೆ ಬಂತು.

“ಛಲೋ ಕೆಲಸ ಮಾಡೀರಿ, ಇಲ್ಲನ್ನೂದಿಲ್ಲ. ಆದ್ರ ಮ್ಯಾಲಿನವರಿಗಿ ದೊಡ್ಡ ಮೋಟಾರ್ ಅಂತ ಹೇಳಿಬಿಟ್ಟೀನಿ. ಎಲ್ಲಾರೂ ಒಪ್ಪ್ಯಾರ. ನೀವೊಬ್ಬರ ಯಾಕ ಹಟಾ ಹಿಡದೀರಿ?”

“ಎಲ್ಲಾರೂ ಅಂದ್ರ ಯಾರ್ರಿ ಸಾಹೇಬ್ರ? ಹುಟ್ಟು ಹಾಕೋರನ್ನ ಯಾರರ ಕೇಳೀರೇನು?”

“ನಿಮ್ಮ ಕಾಂಟ್ರಾಕ್ಟ್ ಈ ತಿಂಗಳಿಗಿ ಮುಗಿತದ ಬಾಯಾರ. ಜರಾ ವಿಚಾರ ಮಾಡ್ರಿ.”

ನಾನು ವಿಚಾರ ಮಾಡಲಿಲ್ಲ. ಮಾಡಿದ್ದರೆ ಹೆದರುತ್ತಿದ್ದೆನೋ ಏನೋ. ಅವರೆದುರೇ ಆ ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಕೈಯಿಂದಲೇ ಬರೆದೆ. ಎರಡೂವರೆ ಹೆಚ್‌ಪಿ, ಉದ್ದ ಶಾಫ್ಟು, ಪೂರ್ತಿ ಸುತ್ತು ತಿರುಗುವಂಥದ್ದು. ಹರಿಗೋಲಿನಲ್ಲಿ ಈಗ ಹುಟ್ಟು ಹಾಕುತ್ತಿರುವವರೇ ಅದನ್ನು ಮೂರು ಎಳೆತದೊಳಗೆ ಚಾಲೂ ಮಾಡಬೇಕು, ಒಬ್ಬರೇ ಎತ್ತಿ ದಡಕ್ಕೆ ತರಬೇಕು. ಅವರಿಂದ ಆಗದ ಯಾವ ಮೋಟಾರನ್ನೂ ಈ ಜಲಾಶಯಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ದೊಡ್ಡ ಮೋಟಾರಿನಿಂದ ಉಳಿಯುವುದು ಆರು ನಿಮಿಷ, ಹೋಗುವುದು ಪ್ರತಿ ದೋಣಿಯಿಂದ ಒಬ್ಬ ಹೆಂಗಸಿನ ಜಾಗ. ಕೆಳಗೆ ಸಹಿ ಹಾಕಿ, ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಸಮಿತಿಯ ಪ್ರತಿಯೊಬ್ಬರಿಗೂ ಕಳಿಸಿದೆ.

ಸಾಹೇಬರು ಕಾಗದ ಕೈಗೆತ್ತಿಕೊಂಡರು. “ಅಕ್ಷರಾ ಛಂದ ಅದಾವು,” ಎಂದರು, ಅಷ್ಟೇ.

ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಮೋಟಾರುಗಳು ಬಂದವು, ಸಣ್ಣವೇ ಬಂದವು, ಉದ್ದ ಕಾಲಿನವು. ಕೈಬರಹದ ಆ ಕಾಗದವನ್ನು ಅಷ್ಟು ಜನ ಓದಿದ ಮೇಲೆ ಅದನ್ನು ಮಡಿಸಿಡುವುದು ಯಾರಿಗೂ ಆಗಲಿಲ್ಲವಂತೆ. ಹಂಚುವ ದಿನ ನನ್ನನ್ನು ಕರೆಯಲಿಲ್ಲ. ನಾನು ಆಗ ಕೋಠಿಯಲ್ಲಿ ಮೇಸ್ತ್ರಿಯ ಅಂಗಡಿಯಲ್ಲಿ ಕೂತು ಒಂದು ಆಸ್ಪತ್ರೆಯ ಜನರೇಟರು ಬಿಚ್ಚುತ್ತಿದ್ದೆ. ಈಗಲೂ ಅಲ್ಲೇ ಕೆಲಸ.

ಮೊನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಂತು. ಅವಳ ದನಿಯ ಹಿಂದೆ ಗಾಳಿಯ ಸದ್ದಿತ್ತು, ನೀರು ಹಲಗೆಗೆ ತಟ್ಟುವ ಸದ್ದಿತ್ತು.

“ಅಕ್ಕಾರ, ನಡುನೀರಾಗ ಅದೀನಿ. ಬೊಡ್ಡಿಗಿ ಬಡದು ಪಿನ್ ಮುರೀತ್ರಿ.”

ಸ್ಪ್ಯಾನರು ಕೆಳಗಿಟ್ಟು ಮೇಸ್ತ್ರಿಯನ್ನು ಕೈಮಾಡಿ ಕರೆದೆ. “ಹೆದರಬ್ಯಾಡ. ಮೊದಲ ಮಿಷನ್ ಬಂದ್ ಮಾಡು. ಮುಚ್ಚಳದ ಕೆಳಗ—”

“ಹಾಕಿ ಆತ್ರಿ. ಆಗಲೇ ಚಾಲೂ ಮಾಡೀನಿ, ಇವ ಬಲಿ ಬಿಡಾಕತ್ಯಾನ.”

“ಮತ್ತ ಫೋನ್ ಯಾಕ ಮಾಡಿದಿ?”

“ಹೇಳಾಕ.”